ಕಲ್ಲಿಗೆ ಮೂರು, ಸೂಜಿಗೆ ಎರಡು

ನಮ್ಮ ಕಾಕಾನ ಎಡಗಾಲಿನ ಚಪ್ಪಲಿ ಈಗ ಅವನ ಮಾತು ಕೇಳುವುದಿಲ್ಲ. ಕಟ್ಟೆಯಿಂದ ಎದ್ದು ನಾಲ್ಕು ಹೆಜ್ಜೆ ಹಾಕಿದನೆಂದರೆ ಬಲಗಾಲಿನದು ಮರ್ಯಾದೆಯಿಂದ ಜೊತೆಗೆ ಬರುತ್ತದೆ. ಎಡಗಾಲಿನದು ಎರಡನೇ ಹೆಜ್ಜೆಗೇ ಧರಣಿ ಕೂಡುತ್ತದೆ. ಪಾದಕ್ಕೆ ಸ್ಪರ್ಶವೇ ಇಲ್ಲದ್ದರಿಂದ ಚಪ್ಪಲಿ ಹಿಂದೆ ಉಳಿದದ್ದು ಕಾಕಾನಿಗೆ ಗೊತ್ತೂ ಆಗುವುದಿಲ್ಲ. ಓಣಿಯ ಹುಡುಗರು ಹಿಂದಿನಿಂದ "ಅಜ್ಜಾ, ಚಪ್ಪಲ್ ಬಿಟ್ಟ ಹೊಂಟಿ" ಎಂದು ಕೂಗಬೇಕು. ಕಡೆಗೆ ಕಾಕು ಆ ಚಪ್ಪಲಿಗೆ ಸುತಳಿ ಪೋಣಿಸಿ ಹಿಮ್ಮಡಿಗೆ ಕಟ್ಟಿದಳು. ಇಡೀ ಪ್ರಕರಣದಲ್ಲಿ ಸರಿಯಾಗಿ ನಡೆದ ಚಿಕಿತ್ಸೆ ಅದೊಂದೇ.

ಹುಕ್ಕೇರಿ ತಾಲೂಕಿನ ಒಂದು ಹಳ್ಳಿ; ಹೆಸರು ಬೇಡ, ಡಾಕ್ಟರ ಹೆಸರಂತೂ ಬೇಡವೇ ಬೇಡ. ರಾತ್ರಿ ಕಬ್ಬಿಗೆ ನೀರು ಬಿಟ್ಟು ಬಂದ ಕಾಕಾನಿಗೆ ಮೈ ಕೆಂಡ. "ಒಂದ್ ಸೂಜಿ ಮಾಡಿಸ್ಕೊಂಡ ಬರ್ತೇನಿ" ಎಂದು ಮೊಮ್ಮಗನ ಬೈಕಿನ ಹಿಂದೆ ಕೂತು ಹೋದ. ನಮ್ಮ ಕಡೆ ಡಾಕ್ಟರುಗಳ ದರ್ಜೆ ಸರಳ. ಬರೀ ಗುಳಿಗೆ ಕೊಡುವವನು ಇನ್ನೂ ಕಲಿಯುತ್ತಿದ್ದಾನೆ. ಸೂಜಿ ಮಾಡುವವನು ಡಾಕ್ಟರು. ಸಲೈನ್ ಏರಿಸುವವನು ದೊಡ್ಡ ಡಾಕ್ಟರು. ಕುಂಡಿಗೆ ಸೂಜಿ ಮಾಡಲು ವೈದ್ಯಶಾಸ್ತ್ರ ಒಂದು ಜಾಗ ಗೊತ್ತು ಮಾಡಿದೆ: ನಾಲ್ಕು ಪಾಲು ಮಾಡಿಕೊಂಡರೆ ಮೇಲಿನ, ಹೊರಗಿನ ಪಾಲು. ಅದನ್ನು ಬಿಟ್ಟು ಕೆಳಗೆ, ಒಳಗೆ ಹೋದರೆ ಅಲ್ಲಿ ಸಯಾಟಿಕ್ ನರವಿದೆ. ಅಡ್ಡ ಗೀಟು ಎಳೆದು ಪಾಲು ಮಾಡುವಷ್ಟು ಪುರಸೊತ್ತು ನಮ್ಮ ಡಾಕ್ಟರಿಗೆಲ್ಲಿ? ಹೊರಗೆ ಹದಿನೆಂಟು ಮಂದಿ ಕೂತಿದ್ದರು. ಧೋತರ ಅರ್ಧ ಇಳಿಯಿತು, ಸೂಜಿ ಪೂರ್ತಿ ಇಳಿಯಿತು. ಕಾಕಾನಿಗೆ ಹೆಬ್ಬೆರಳ ತುದಿಯವರೆಗೆ ಮಿಂಚು ಹೊಡೆಯಿತು.

"ಸಾಹೇಬ್ರ, ಕರೆಂಟ್ ಹೊಡದಂಗ ಆತಲ್ರೀ?"

"ಔಷಧಕ್ಕ ಪವರ್ ಐತಿ ಕಾಕಾ, ಹಂಗ ಆಕ್ಕೈತಿ."

ಬೆಳಗಾಗುವಷ್ಟರಲ್ಲಿ ಜ್ವರ ಹೋಗಿತ್ತು. ಪಾದವೂ ಹೋಗಿತ್ತು.

ಊರಿನ ಕಟ್ಟೆ ಅಂದೇ ತನಿಖೆ ಶುರು ಮಾಡಿತು. ಒಬ್ಬರು ಗಾಳಿ ಬಡಿದಿದೆ ಎಂದರು. ಇನ್ನೊಬ್ಬರು ಸಾಡೇಸಾತಿ ಎಂದರು. ಮೂರನೆಯವರು, ಸೂಜಿ ಮಾಡುವಾಗ ಕಾಕಾನೇ ಅಳ್ಳಾಡಿರಬೇಕು ಎಂದು ತೀರ್ಪು ಕೊಟ್ಟರು. ಸಂಶಯಿತರ ಪಟ್ಟಿಯಲ್ಲಿ ಗ್ರಹಗಳಿದ್ದವು, ಗಾಳಿಯಿತ್ತು, ಸ್ವತಃ ಕಾಕಾ ಇದ್ದ. ಸೂಜಿಯೊಂದು ಇರಲಿಲ್ಲ. ಕಾಕಾನೂ ಡಾಕ್ಟರ ಪರವಾಗಿಯೇ ಸಾಕ್ಷಿ ನುಡಿದ: "ಡಾಕ್ಟರ್ ಛಲೋ ಮನಶ್ಯಾ ಅದಾನ. ನನ್ನ ಕುಂಡೀನ ಸರಿ ಇಲ್ಲ."

ಇಂಥದ್ದು ಆದಮೇಲೆ ಮಾಡಬೇಕಾದ್ದೇನು ಎಂಬ ವಿಷಯದಲ್ಲಿ ನಮ್ಮ ಸೀಮೆ ಹಿಂದೆ ಬಿದ್ದಿದೆ ಎಂದು ಯಾರೂ ತಿಳಿಯಬಾರದು. ಸಂಗೀತಕ್ಕೆ ಕಿರಾಣಾ, ಗ್ವಾಲಿಯರ್ ಇದ್ದಂತೆ ಇದಕ್ಕೂ ಇಲ್ಲಿ ಮೂರು ಘರಾನೆಗಳಿವೆ.

ಮೊದಲನೆಯದು ಗೋಕಾಕ ಘರಾನೆ. ಇದರಲ್ಲಿ ನಾದವೇ ಪ್ರಧಾನ. 52 ಮೀಟರ್ ಮೇಲಿಂದ ಘಟಪ್ರಭೆ ಧುಮುಕುವ ಊರಿನಲ್ಲಿ ಸಿಟ್ಟು ಸದ್ದಿಲ್ಲದೆ ಇಳಿಯಬೇಕೆಂದರೆ ಹೇಗೆ? ಸಾವಿನ ಸುದ್ದಿ ಬಂದ ಅರ್ಧ ತಾಸಿಗೆ ಎರಡು ಟೆಂಪೋ ತುಂಬ ಬಳಗ ಬರುತ್ತದೆ. ಶವ ಗೇಟಿನ ಮುಂದೆ, ಹೆಂಗಸರು ಶವದ ಸುತ್ತ, ಗಂಡಸರು ರಿಸೆಪ್ಷನ್ ಗಾಜಿನ ಮುಂದೆ. ಮೊದಲ ಕಲ್ಲು ಯಾವಾಗಲೂ ಸತ್ತವನ ಗುರುತೇ ಇಲ್ಲದ ಒಬ್ಬ ಹುಡುಗನದು. ಗಾಜು ಒಡೆಯುತ್ತದೆ, ಮೊಬೈಲುಗಳು ಮೇಲೇಳುತ್ತವೆ, ರಾತ್ರಿ ಪಾಳಿಯ ನರ್ಸಮ್ಮ, ಯಾವ ತಪ್ಪೂ ಮಾಡದವಳು, ಬಾತ್‌ರೂಮಿನ ಚಿಲಕ ಹಾಕಿಕೊಂಡು ನಡುಗುತ್ತಾಳೆ. ಡಾಕ್ಟರು ಹಿಂಬಾಗಿಲಿನಿಂದ ಎಂದೋ ಹೋಗಿರುತ್ತಾರೆ.

ಈಗ ಲೆಕ್ಕ ನೋಡಿ. ಆಸ್ಪತ್ರೆಯ ಮೇಲೆ, ಅಲ್ಲಿನ ಸಿಬ್ಬಂದಿಯ ಮೇಲೆ ಕೈ ಮಾಡಿದವರಿಗಾಗಿ ಕರ್ನಾಟಕ 2009ರಲ್ಲೇ ಒಂದು ಕಾಯ್ದೆ ತಂದಿದೆ: ಮೂರು ವರ್ಷದವರೆಗೆ ಜೈಲು, 50 ಸಾವಿರದವರೆಗೆ ದಂಡ, ಒಡೆದ ಮಾಲಿಗೆ ಎರಡು ಪಟ್ಟು ಬೆಲೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು, ನಿರ್ಲಕ್ಷ್ಯದಿಂದ ಒಬ್ಬರ ಜೀವ ಹೋದರೆ ಐದು ವರ್ಷದವರೆಗೆ ಜೈಲು ಎನ್ನುತ್ತದೆ. ಆದರೆ ನೋಂದಾಯಿತ ವೈದ್ಯರು ಚಿಕಿತ್ಸೆ ಕೊಡುವಾಗ ಹಾಗಾದರೆ ಹೆಚ್ಚೆಂದರೆ ಎರಡು. ಅಂದರೆ ಟಂಟಂ ಓಡಿಸಿ ಕೊಂದವನಿಗೆ ಐದು, ಸೂಜಿ ಮಾಡಿ ಕೊಂದವರಿಗೆ ಎರಡು, ಅದನ್ನು ಕಂಡು ಗಾಜಿಗೆ ಕಲ್ಲು ಹೊಡೆದವನಿಗೆ ಮೂರು. ಈ ರಿಯಾಯಿತಿ ನಕಲಿ ಡಾಕ್ಟರಿಗೆ ಇಲ್ಲ. ಅವನು ಟಂಟಂ ಸಾಲಿನಲ್ಲೇ ನಿಲ್ಲಬೇಕು. ಕಾನೂನು ಗಾಜಿನ ಜೀವಕ್ಕೆ ಬೆಲೆ ಕೊಟ್ಟಿದೆ ಎಂದು ಗೊಣಗುವುದು ಸುಲಭ. ಕಲ್ಲು ಹೊಡೆದ ಕ್ಷಣಕ್ಕೆ ಫಿರ್ಯಾದಿ ಆಗಬೇಕಿದ್ದ ನಾವು ಆರೋಪಿಗಳಾಗುತ್ತೇವೆ, ನಮ್ಮ ಕೇಸು ಗಾಜಿನ ಚೂರಿನ ಜೊತೆ ಗುಡಿಸಿಹೋಗುತ್ತದೆ ಎಂಬುದು ಮಾತ್ರ ಯಾರ ತಲೆಗೂ ಹೋಗುವುದಿಲ್ಲ.

ಎರಡನೆಯದು ಮೂಡಲಗಿ ಘರಾನೆ. ಇದು ಗಂಭೀರ ಶೈಲಿ, ವಿಲಂಬಿತ ಲಯ. ಮೂಡಲಗಿಯ ದನದ ಸಂತೆ ಕಂಡವರಿಗೆ ಗೊತ್ತು, ಟವೆಲಿನ ಕೆಳಗೆ ಬೆರಳು ಹಿಡಿದು ಮಾಡುವ ವ್ಯಾಪಾರಕ್ಕೆ ಬಾಯಿ ಬೇಕಾಗುವುದಿಲ್ಲ. ಡಾಕ್ಟರ ಕಡೆ ನಾಲ್ಕು ಹಿರಿಯರು, ಸತ್ತವನ ಕಡೆ ನಾಲ್ಕು ಹಿರಿಯರು, ನಡುವೆ ಎರಡೂ ಕಡೆ ಸಲ್ಲುವ ಒಬ್ಬ ಮುಖಂಡ. ಎತ್ತಿಗೆ ಹಲ್ಲು ನೋಡುತ್ತಾರೆ, ಇಲ್ಲಿ ಆಧಾರ್ ಕಾರ್ಡು ನೋಡುತ್ತಾರೆ. "ವಯಸ್ಸ ಅರವತ್ತ ದಾಟೇತಿ" ಎಂದರೆ ಒಂದು ಬೆರಳು ಮಡಚಿತು. "ಎರಡ್ ಹೆಣ್ಣ ಮಕ್ಕಳ ಲಗ್ನ ಉಳದಾವ" ಎಂದರೆ ಒಂದು ಬೆರಳು ಬಿಚ್ಚಿತು. ಬೆಳಗಿನ ನಾಲ್ಕಕ್ಕೆ ಟವೆಲ್ ಸರಿಯುತ್ತದೆ. ಷರತ್ತು ಒಂದೇ: ಪೋಸ್ಟ್‌ಮಾರ್ಟಂ ಬೇಡ. ಮನೆಯವರಿಗೂ ಅದು ಕರುಣೆಯಂತೆಯೇ ಕೇಳುತ್ತದೆ. "ಸತ್ತ ಮ್ಯಾಲೂ ಯಾಕ ಹೊಟ್ಟಿ ಕೊಯ್ಯಸ್ತೀರಿ?" ಸೂರ್ಯ ಹುಟ್ಟುವುದರೊಳಗೆ ಮಣ್ಣು. ಮಣ್ಣಿನ ಜೊತೆ ಸಾವಿನ ಕಾರಣ ಹೇಳಬಲ್ಲ ಒಂದೇ ಸಾಕ್ಷಿಯೂ ಒಳಗೆ. ಆ ಹಣದಲ್ಲಿ ಮುಖಂಡನ ಪಾಲೆಷ್ಟು ಎಂದು ಕೇಳುವವನು ಊರಲ್ಲಿ ಬಾಳುವುದಿಲ್ಲ.

2022ರ ಜೂನ್‌ನಲ್ಲಿ ಇದೇ ಮೂಡಲಗಿಯ ಬಸ್ ನಿಲ್ದಾಣದ ಹತ್ತಿರದ ಹಳ್ಳದಲ್ಲಿ ಡಬ್ಬಿಗಳೊಳಗೆ ಏಳು ಭ್ರೂಣಗಳು ಸಿಕ್ಕಾಗ ದೇಶದ ಕ್ಯಾಮೆರಾಗಳೆಲ್ಲ ಇತ್ತ ತಿರುಗಿದವು. ಕೆಲವು ದಿನ ಎಲ್ಲರೂ ಮೂಗಿಗೆ ಬಟ್ಟೆ ಹಿಡಿದರು, ಆಮೇಲೆ ಕೈ ನೋಯಿತು. ಡಬ್ಬಿಯಾದರೆ ಮುಚ್ಚಳ ಹಾಕಿದರೂ ಎಂದಾದರೂ ತೇಲುತ್ತದೆ. ಟವೆಲಿನ ಕೆಳಗೆ ಮುಗಿದ ಸಾವು ತೇಲುವುದೂ ಇಲ್ಲ.

ಮೂರನೆಯದು ನಮ್ಮ ಹುಕ್ಕೇರಿ ಘರಾನೆ, ಅಂದರೆ ಮೌನ. ಇದು ನನಗೆ ಎಲ್ಲಕ್ಕಿಂತ ಸೋಜಿಗ. ಹುಕ್ಕೇರಿಯವರು ಸಾಮಾನ್ಯರಲ್ಲ; ದೇಶವೆಲ್ಲ ಸರ್ಕಾರದ ಕರೆಂಟಿಗೆ ಬಾಯಿ ತೆರೆದು ಕೂತಿದ್ದಾಗ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿ ತಮ್ಮ ತಂತಿಯಲ್ಲಿ ತಾವೇ ಕರೆಂಟು ಹಂಚಿಕೊಂಡವರು. ಅರ್ಧ ತಾಸು ಪಂಪ್‌ಸೆಟ್ ನಿಂತರೆ ಸೊಸೈಟಿಯ ಲೈನ್‌ಮ್ಯಾನನ ವಂಶವನ್ನೆಲ್ಲ ಫೋನಿನಲ್ಲೇ ವಿಚಾರಿಸುವವರು. ಅಂಥವರ ಕಾಲಿನ ನರದ ಕರೆಂಟೇ ಹೋದರೆ ಒಂದು ಕಂಪ್ಲೇಂಟ್ ಇಲ್ಲ. "ಏನ್ ಮಾಡೂದು, ಹಣೇಬರಾ" ಎಂದು ಸುತಳಿ ಹುಡುಕುತ್ತಾರೆ.

ನಾನು ಪೇಟೆಯಲ್ಲಿ ನಾಲ್ಕಕ್ಷರ ಕಲಿತವನಾದ್ದರಿಂದ ನಾಲ್ಕನೆಯ ಘರಾನೆ ಸ್ಥಾಪಿಸುವ ಉಮೇದಿನಲ್ಲಿ ಹೊರಟೆ. ಅದಕ್ಕೆ ಕಾಗದದ ಘರಾನೆ ಎಂದು ಹೆಸರಿಡಬಹುದು. ವೈದ್ಯರ ನಡತೆಗೆ ಮೆಡಿಕಲ್ ಕೌನ್ಸಿಲ್ 2002ರಲ್ಲಿ ಮಾಡಿದ ನಿಯಮಾವಳಿಯಲ್ಲಿ ಒಂದು ಚಿನ್ನದಂಥ ಮಾತಿದೆ. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿಯೋ ಅವನ ಕಡೆಯವರೋ ಕೇಳಿದರೆ 72 ತಾಸಿನೊಳಗೆ ಕೊಡಬೇಕು. ಕೇಸ್ ಶೀಟು, ಅರಿವಳಿಕೆಯ ಟಿಪ್ಪಣಿ, ನರ್ಸುಗಳ ಪಟ್ಟಿ, ಎಕ್ಸ್‌ರೇ, ಬಿಲ್ಲು ಎಲ್ಲ. ಅರ್ಜಿ ಬರೆದು, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು, ಇಲ್ಲವೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡರೆ ಆ ಗಳಿಗೆಯಿಂದ ಗಡಿಯಾರ ಓಡಬೇಕಾದ್ದು ಆಸ್ಪತ್ರೆಯದು. ಗಾಜು ಒಡೆದ ದಿನ ಆಸ್ಪತ್ರೆ ಒಂದು ಗಾಜು ಹೊಸದು ಹಾಕಿಸುತ್ತದೆ. ಅರ್ಜಿ ಕೊಟ್ಟ ದಿನ ಮಾಲೀಕರು ಊಟ ಬಿಡುತ್ತಾರೆ.

ಆದರೆ ಕಾಗದ ಸಿಕ್ಕರೂ ಓದಬೇಕಲ್ಲ! ವಿ. ಕೃ. ಗೋಕಾಕರ ವರದಿಯ ಹೆಸರಿನಲ್ಲಿ 1982ರಲ್ಲಿ ನಾಡಿಗೆ ನಾಡೇ ಕನ್ನಡಕ್ಕಾಗಿ ಬೀದಿಗಿಳಿಯಿತು. ಗೋಕಾಕ ಊರಿನ ಡಿಸ್ಚಾರ್ಜ್ ಕಾರ್ಡು ಇವತ್ತಿಗೂ ಇಂಗ್ಲಿಷಿನಲ್ಲಿದೆ. ಆಪರೇಷನ್ನಿಗೆ ಮುಂಚೆ ಸಹಿ ಮಾಡಿಸುವ ಒಪ್ಪಿಗೆ ಪತ್ರವೂ ಹಾಗೆಯೇ. ಯಾವುದಕ್ಕೆ ಒಪ್ಪಿಗೆ ಕೊಟ್ಟರೋ ಅಷ್ಟನ್ನೇ ಮಾಡಬೇಕು, ರೋಗನಿದಾನಕ್ಕೆ ಕೊಟ್ಟ ಒಪ್ಪಿಗೆಯಲ್ಲಿ ಗರ್ಭಕೋಶ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿತು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವವರು ಎರಡೇ ಪ್ರಶ್ನೆ ಕೇಳುತ್ತಾರೆ: "ಎಲ್ಲಿ ಒತ್ತಬೇಕ್ರಿ?" ಮತ್ತು "ಇಂಕ್ ಒರಸಾಕ ಅರಿವಿ ಐತೇನ್ರಿ?"

ಕಾಕಾನ ಪ್ರಕರಣದಲ್ಲಿ ಅಷ್ಟೂ ತೊಂದರೆ ಇರಲಿಲ್ಲ, ಏಕೆಂದರೆ ಕಾಗದವೇ ಇರಲಿಲ್ಲ. ಡಾಕ್ಟರನ್ನು ಕಂಡು ವಿನಯದಿಂದ ಕೇಳಿದೆ.

"ಕಾಕಾಗ ಕೊಟ್ಟ ಚೀಟಿದು ಒಂದ್ ಕಾಪಿ ಬೇಕಾಗಿತ್ರಿ."

"ಸೂಜಿಗೆ ಯಾರ್ ಚೀಟಿ ಕೊಡ್ತಾರ್ರೀ? ಬಿಲ್ ಕೊಟ್ಟರ ಜಿಎಸ್‌ಟಿ ಬೀಳ್ತೈತಿ, ನಿಮಗ ಭಾರ."

ವೈದ್ಯರ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹೊರಬರುವಾಗ ಬಾಗಿಲ ಬಳಿಯ ಮೇಜಿನ ಮೇಲಿದ್ದ ಪುಟ್ಟ ಪೆಟ್ಟಿಗೆ, ಯಾರೋ ದುಡ್ಡು ಕಳಿಸಿದ್ದಕ್ಕೆ, "ಇನ್ನೂರು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಖಣಖಣ ಒದರಿತು. ನನಗೆ ಒಮ್ಮೆಲೇ ಬೆಳಕು ಹರಿಯಿತು. ಅಂದು ರಾತ್ರಿ ದುಡ್ಡು ಕೊಟ್ಟದ್ದು ಮೊಮ್ಮಗ, ಮೊಬೈಲಿನಿಂದ. ಅವನ ಫೋನು ತೆರೆದರೆ ದಿನಾಂಕ, ತಾಸು, ನಿಮಿಷ, 150 ರೂಪಾಯಿ, ಕೆಳಗೆ ಡಾಕ್ಟರ ಪೂರ್ತಿ ಹೆಸರು. ಇಡೀ ಊರು ನೋಡಿಲ್ಲ ಎಂದದ್ದಕ್ಕೆ ಸಾಕ್ಷಿ ಹೇಳಲು ತಯಾರಿದ್ದದ್ದು ಆ ಪೆಟ್ಟಿಗೆಯೊಂದೇ.

ಠಾಣೆಯಲ್ಲಿ ಹವಾಲ್ದಾರ ಸಾಹೇಬರು ಸಭ್ಯರು, ಚಹಾ ತರಿಸಿದರು. "ಡಾಕ್ಟರ್ ಮ್ಯಾಲ ಹಂಗ ಸೀದಾ ಕೇಸ್ ಮಾಡಾಕ ಬರಂಗಿಲ್ರಿ" ಎಂದರು. ಅವರು ಹೇಳಿದ್ದು ಸರಿಯೇ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಸಣ್ಣ ತಪ್ಪೆಲ್ಲ ಅಪರಾಧವಲ್ಲ, ಘೋರ ನಿರ್ಲಕ್ಷ್ಯ ಇರಬೇಕು, ಅದಕ್ಕೂ ಮೊದಲು ಇನ್ನೊಬ್ಬ ವೈದ್ಯರ, ಆದಷ್ಟೂ ಸರ್ಕಾರಿ ವೈದ್ಯರ, ಸ್ವತಂತ್ರ ಅಭಿಪ್ರಾಯ ಬೇಕು ಎಂದಿದೆ. ನ್ಯಾಯವಾದ ಮಾತು. ಅಭಿಪ್ರಾಯ ಕೊಡಬೇಕಾದವರು ಭಾನುವಾರ ಅದೇ ಡಾಕ್ಟರ ಮಗಳ ಲಗ್ನದಲ್ಲಿ ಅಕ್ಷತೆ ಹಾಕಿ ಬಂದವರು ಎಂಬುದನ್ನು ಸುಪ್ರೀಂ ಕೋರ್ಟು ಹೇಗೆ ತಾನೆ ಊಹಿಸೀತು?

ಉಳಿದದ್ದು ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಸೇವೆಯೇ ಎಂದು 1995ರಲ್ಲಿ ವಿ. ಪಿ. ಶಾಂತಾ ಪ್ರಕರಣ ಹೇಳಿದಾಗಿನಿಂದ ಈ ಬಾಗಿಲು ತೆರೆದಿದೆ. ತಪ್ಪು ನಡೆದ ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. 2019ರ ಹೊಸ ಕಾಯ್ದೆ ಗಡಿಯವರಿಗೆ ಇನ್ನೊಂದು ಉಪಕಾರ ಮಾಡಿದೆ: ದೂರುದಾರ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೊದಲು ಮಿರಜಕ್ಕೋ ಕೊಲ್ಹಾಪುರಕ್ಕೋ ಹೋಗಿ ಹೊಟ್ಟೆ ಕೊಯ್ಸಿಕೊಂಡು ಬಂದವನು ನ್ಯಾಯಕ್ಕೂ ಅಲ್ಲಿಗೇ ಹೋಗಿ ಮರಾಠಿಯಲ್ಲಿ ನರಳಬೇಕಿತ್ತು. ಈಗ ಬೆಳಗಾವಿಯಲ್ಲೇ ಕನ್ನಡದಲ್ಲಿ ನರಳಬಹುದು. ವಕೀಲರಿಲ್ಲದೆ ತಾನೇ ವಾದಿಸಲೂಬಹುದು. ಅದು ಒಳ್ಳೆಯದೇ, ಯಾಕೆಂದರೆ ವಕೀಲರು ಕೈಕೊಟ್ಟರೆ ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಡಾಕ್ಟರ ಸೂಜಿ ಸೇವೆ, ವಕೀಲರ ವಾದ ಸೇವೆಯಲ್ಲ. ತೀರ್ಪು ಬರೆದವರು ಯಾವ ಕಸುಬಿನಿಂದ ಬಂದವರೆಂದು ಕೇಳಬೇಡಿ.

ಗೆಲ್ಲುವವರೂ ಇದ್ದಾರೆ. ಕೋಲ್ಕತ್ತದಲ್ಲಿ ಚಿಕಿತ್ಸೆ ಪಡೆದ ಅನುರಾಧಾ ಸಾಹಾ 1998ರಲ್ಲಿ ತೀರಿಕೊಂಡರು. ಗಂಡ ಕುನಾಲ್ ಸಾಹಾ ಬಿಡಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ಸುಮಾರು ಆರು ಕೋಟಿ ರೂಪಾಯಿ, ಮೇಲೆ ಬಡ್ಡಿ ಕೊಡಿಸಿತು. ಈ ಕಥೆ ಹೇಳಿದಾಗ ಕಾಕಾನ ಕಣ್ಣು ಅರಳಿತು. ಆ ಗಂಡ ಸ್ವತಃ ಡಾಕ್ಟರು, ಅಮೆರಿಕದಲ್ಲಿದ್ದವರು, ಹದಿನೈದು ವರ್ಷ ಹೋರಾಡಿದರು ಎಂದಾಗ ಮತ್ತೆ ಮುಚ್ಚಿತು. "ಅಂದರ ನಾ ಮೊದಲ ಡಾಕ್ಟರಕಿ ಕಲೀಬೇಕು. ಆಮ್ಯಾಲ ಹದಿನೈದ ವರ್ಷ. ತಮ್ಮಾ, ನನಗೀಗ ಅರವತ್ತೆಂಟ."

ಇನ್ನೊಂದು ದಾರಿ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ್ದು. 2017ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆದಿತ್ತು. ಆರೋಗ್ಯ ಸಚಿವರಾಗಿದ್ದ ಕೆ. ಆರ್. ರಮೇಶ್ ಕುಮಾರ್ ಖಾಸಗಿ ಆಸ್ಪತ್ರೆಗಳಿಗೆ ಮೂಗುದಾರ ಹಾಕುವ ತಿದ್ದುಪಡಿ ತಂದಾಗ ಖಾಸಗಿ ವೈದ್ಯರು ಇಲ್ಲಿಗೇ ಬಂದು ಧರಣಿ ಕೂತರು, ರಾಜ್ಯದ ಒಪಿಡಿಗಳು ಮುಚ್ಚಿದವು, ಮೂಗುದಾರ ಮೆತ್ತಗಾಗಿ ನೂಲಾಯಿತು. ಹಾಗಿದ್ದೂ ಉಳಿದದ್ದು ಕಡಿಮೆಯಲ್ಲ. ಬಾಕಿ ಬಿಲ್ಲಿಗಾಗಿ ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ. ಜಿಲ್ಲಾಧಿಕಾರಿಯೇ ಅಧ್ಯಕ್ಷರಾದ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಯಾರು ಬೇಕಾದರೂ ದೂರು ಕೊಡಬಹುದು. ಆಸ್ಪತ್ರೆಯ ಬೋರ್ಡಿನಲ್ಲಿ ಈ ಖಾಸಗಿ ಆಸ್ಪತ್ರೆ ಕಾಯ್ದೆಯ, ಅಂದರೆ ಕೆಪಿಎಂಇಯ, ನೋಂದಣಿ ಸಂಖ್ಯೆ ಇರಬೇಕು, ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು. ಒಂದು ಪದ್ಧತಿ ಓದಿದವರು ಇನ್ನೊಂದರ ಔಷಧ ಕೊಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದ್ದರಿಂದ ಬಣ್ಣಕ್ಕೂ ಬೆಲೆಯಿದೆ. ನಮ್ಮ ಡಾಕ್ಟರ ಬೋರ್ಡಿನಲ್ಲಿ ಹೆಸರಿನ ಹಿಂದೆ ಅಕ್ಷರಗಳು ಗೂಡ್ಸ್ ಗಾಡಿಯ ಡಬ್ಬಿಗಳಂತೆ ಸಾಲಾಗಿದ್ದವು. ಇಂಜಿನ್ ಯಾವುದೆಂದು ಮಾತ್ರ ತಿಳಿಯುತ್ತಿರಲಿಲ್ಲ. ನಾನು ನೋಂದಣಿ ಸಂಖ್ಯೆ ಕೇಳಿದ ವಾರಕ್ಕೆ ಪೇಂಟರ್ ಬಂದ. ಬೋರ್ಡು ಅರ್ಧ ನೀಲಿ, ಅರ್ಧ ಹಸಿರು.

ಇಷ್ಟೆಲ್ಲ ದುಡ್ಡು ಕೊಟ್ಟವರ ಮಾತು. ಎಲ್ಲರಿಗೂ ಪುಕ್ಕಟೆ ನೋಡುವ ಸರ್ಕಾರಿ ಆಸ್ಪತ್ರೆಯಲ್ಲಿ ಕೆಟ್ಟವರು ಗ್ರಾಹಕರಲ್ಲ. ಮಾಹಿತಿ ಹಕ್ಕಿನಲ್ಲಿ ಕಾಗದ ಕೇಳಬಹುದು, ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಬಹುದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲೆ ಅನುಮಾನ ಬಿತ್ತು, ಔಷಧ ನಿಯಂತ್ರಕರು ಅಮಾನತಾದರು, ಸುವರ್ಣಸೌಧದಲ್ಲಿ ಚರ್ಚೆಯಾಯಿತು. ಸೂಜಿ ಹಿಡಿದ ಕೈ ಸರಿಯಿದ್ದರೂ ಬಾಟಲಿ ಕೆಟ್ಟಿರಬಹುದು ಎಂದು ನಾಡು ಕಲಿತದ್ದು ಐದು ತೊಟ್ಟಿಲುಗಳ ಲೆಕ್ಕದಲ್ಲಿ.

ಎಲ್ಲ ಕಾಗದ ಜೋಡಿಸಿಕೊಂಡು ಒಂದು ಸಂಜೆ ಕಾಕಾನ ಮುಂದೆ ಕೂತೆ. ಬೆಳಗಾವಿಯಲ್ಲಿ ಮಾಡಿಸಿದ ನರದ ಪರೀಕ್ಷೆಯ ವರದಿ, ಮೊಬೈಲಿನ 150 ರೂಪಾಯಿಯ ಪ್ರಿಂಟು, ಎರಡು ಪುಟದ ದೂರು. ಸಹಿ ಒಂದೇ ಬಾಕಿ. ಕಾಕಾ ಪೆನ್ನು ಹಿಡಿದ, ಕೆಳಗಿಟ್ಟ.

"ತಮ್ಮಾ, ರಾತ್ರಿ ಎರಡಕ್ಕ ಬಾಗಲಾ ಬಡದರ ತಗಿಯಾಂವ ಈ ಸುತ್ತ ಹಳ್ಳ್ಯಾಗ ಅವನ ಒಬ್ಬಾಂವ. ನಿಮ್ಮ ಕಾಕೂಗ ದಮ್ಮು ಐತಿ. ಅವ್ನ ಒಳಗ ಹಾಕಿಸಿದರ ನಾಳೆ ಬಾಗಲಾ ನಿಮ್ಮ ಆಯೋಗ ತಗಿತೈತೇನ?"

ಪುಸ್ತಕ ಓದಿದ ನನ್ನ ಬಳಿ ಇದಕ್ಕೆ ಕಲಮಿರಲಿಲ್ಲ. ಗೋಕಾಕದ ಕಲ್ಲು, ಮೂಡಲಗಿಯ ಟವೆಲ್ಲು, ಹುಕ್ಕೇರಿಯ ಮೌನ ಮೂರೂ ಹುಟ್ಟುವುದು ಈ ಒಂದೇ ಬಾಗಿಲಿನಿಂದ. ಎರಡನೇ ಬಾಗಿಲು ಇಲ್ಲದ ಊರಿನಲ್ಲಿ ಮೊದಲನೆಯದರ ಮೇಲೆ ದೂರು ಬರೆಯುವುದು ಸಣ್ಣ ಧೈರ್ಯವಲ್ಲ. ಕಾಗದಗಳನ್ನು ಫೈಲಿನಲ್ಲಿಟ್ಟೆ. ಎರಡು ವರ್ಷ ತುಂಬಲು ಇನ್ನೂ ಏಳು ತಿಂಗಳಿವೆ.

ಹೋದ ವಾರ ಕಾಕಾನಿಗೆ ಮತ್ತೆ ಜ್ವರ. ಜೊತೆಗೆ ನಾನೂ ಹೋದೆ. ಅರ್ಧ ನೀಲಿ ಅರ್ಧ ಹಸಿರು ಬೋರ್ಡಿನ ಕೆಳಗೆ ಕಾಕಾ ಸುತಳಿ ಬಿಚ್ಚಿ ಚಪ್ಪಲಿ ಬಿಟ್ಟ. ಡಾಕ್ಟರು ಸಿರಿಂಜು ತುಂಬಿಕೊಂಡು ಬಂದರು.

"ಸಾಹೇಬ್ರ, ಎಡಗಡೆ ಆತು. ಈ ಸಲ ಬಲಗಡೆ ಕೈಗೆ ಮಾಡ್ರಿ. ಮತ್ತ… ಚೀಟಿ ಕೊಡ್ರಿ."

ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. "ಯಾಕ ಕಾಕಾ, ನನ್ನ ಮ್ಯಾಲ ನಂಬಿಕಿ ಇಲ್ಲೇನ?"

"ನಂಬಿಕಿ ಬೇಕಾದಷ್ಟ ಐತ್ರಿ" ಎಂದ ಕಾಕಾ, ತೋಳು ಮಡಚುತ್ತ. "ಚೀಟೀನ ಇಲ್ಲ."